ಮೇಬಲ್ ಮೇಡಂ ಆರ್ಕಿಡ್‌ಗೆ ನಾವು ಮಾಡಿದ ಉಪಚಾರ

ಬಾಡಿದ್ದು ಏನೇ ಕಣ್ಣಿಗೆ ಬಿದ್ದರೂ ಅದಕ್ಕೆ ಏನಾದರೂ ಕುಡಿಸದ ಹೊರತು ನಮ್ಮ ಮನೆಯವರಿಗೆ ಸಮಾಧಾನವಿಲ್ಲ. ಮುಖ ಬಾಡಿಸಿಕೊಂಡು ಬಂದ ನೆಂಟರಿಗೆ ಕಾಫಿ, ಸೊರಗಿದ ಕರುವಿಗೆ ಗಂಜಿ, ಜ್ವರದ ಮಗುವಿಗೆ ಕಷಾಯ. ಬೇಡ ಅಂದವರಿಗೆ ಇನ್ನೊಂದು ಲೋಟ. ಇದನ್ನು ನಾವು ಪ್ರೀತಿ ಎನ್ನುತ್ತೇವೆ. ಕುಡಿದವರು ಏನೆನ್ನುತ್ತಾರೋ, ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ನಾವು ಕೃಷ್ಣರಾಜಪುರದ ಕಡೆಯ ಹಳೇ ರೈತರು. ರೈತರು ಅನ್ನುವುದು ಈಗ ಹೇಳಿಕೊಳ್ಳುವುದಕ್ಕೆ ಮಾತ್ರ. ಅಪ್ಪ ರಾಗಿ ಬೆಳೆದ ಹೊಲದಲ್ಲಿ ತೊಂಬತ್ತರ ದಶಕದ ಹೊತ್ತಿಗೆ ಮೂರಂತಸ್ತಿನ ಮನೆಗಳು ಬೆಳೆದಿದ್ದವು. ಮಳೆ ಬಂದರೂ ಬಾರದಿದ್ದರೂ ಬಾಡಿಗೆ ಬರುತ್ತಿತ್ತು. ನಾನು ಇಂದಿರಾನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ಮಣ್ಣನ್ನು ಮುಟ್ಟುತ್ತಿದ್ದುದು ಚಪ್ಪಲಿಯಿಂದ. ಆದರೂ ಕಚೇರಿಯಲ್ಲಿ ಯಾರಾದರೂ ಗುಲಾಬಿ ಗಿಡದ ವಿಚಾರ ಎತ್ತಿದರೆ ಸಾಕು, ಕುರ್ಚಿ ಹಿಂದಕ್ಕೆ ತಳ್ಳಿ, “ನಮ್ಮದು ವ್ಯವಸಾಯದ ಮನೆತನ” ಎಂದು ಶುರು ಹಚ್ಚಿಕೊಳ್ಳುತ್ತಿದ್ದೆ. ಈ ಬಡಾಯಿಯನ್ನು ಬೇರೆಯವರೆಲ್ಲ ಆಕಳಿಸುತ್ತ ಕೇಳಿದರೆ, ನಮ್ಮ ಸೂಪರಿಂಟೆಂಡೆಂಟ್ ಮೇಬಲ್ ಮೇಡಂ ಮಾತ್ರ ನಂಬಿಬಿಟ್ಟಿದ್ದರು.

ಮೇಡಂ ನಿವೃತ್ತರಾಗಿ ಕಂಟೋನ್ಮೆಂಟ್ ಕಡೆಯ ಕುಕ್ ಟೌನಿನ ಹಳೇ ಬಂಗಲೆಯಲ್ಲಿ ಒಬ್ಬರೇ ಇದ್ದರು. ಕೋಲಾರ ಚಿನ್ನದ ಗಣಿಯ ಊರಿನಲ್ಲಿದ್ದ ಅವರ ಅಕ್ಕ ಕಾಲು ಮುರಿದುಕೊಂಡರು. ಆರೈಕೆಗೆ ಹೊರಟ ಮೇಡಂ, ಆಟೋದಲ್ಲಿ ತೊಡೆಯ ಮೇಲೆ ಒಂದು ಕುಂಡ ಇಟ್ಟುಕೊಂಡು ನಮ್ಮ ಮನೆಗೆ ಬಂದಿಳಿದರು. ಕುಂಡದಲ್ಲಿ ದಪ್ಪ ಎಲೆಗಳ ಒಂದು ಆರ್ಕಿಡ್. “ಮುನಿರಾಜ್, ಇದು ನನ್ ಹಸ್ಬೆಂಡ್ ಕಡೇದಾಗಿ ತಂದ ಗಿಡ. ಅವರು ಹೋದ್ಮೇಲೂ ಕ್ರಿಸ್‌ಮಸ್‌ಗೆ ಹೂ ಬಿಡುತ್ತೆ. ಯಾರ್ ಕೈಗೂ ಕೊಡಲ್ಲ ನಾನು. ನೀವು ಫಾರ್ಮರ್ಸ್, ನೋ? ಅದಕ್ಕೇ ಬಂದೆ. ಜಾಸ್ತಿ ನೀರ್ ಬೇಡ. ಬೇರಿಗೆ ಗಾಳಿ ಆಡ್ಬೇಕು, ಅಷ್ಟೇ” ಎಂದರು. ನಾನು ಎಲ್ಲ ಬಲ್ಲವನಂತೆ ತಲೆಯಾಡಿಸಿದೆ.

ಆಟೋ ಮರೆಯಾಗುತ್ತಲೇ ಅಪ್ಪ ಕುಂಡದೊಳಗೆ ಇಣುಕಿದರು. ಒಳಗೆ ಇದ್ದಿಲು, ಇಟ್ಟಿಗೆ ಚೂರು. “ಅಯ್ಯೋ ಪಾಪ, ಆಯಮ್ಮನಿಗೆ ಮಣ್ಣೇ ಸಿಕ್ಕಿಲ್ಲ ಕಣಪ್ಪ, ಇದ್ಲು ತುಂಬ್ಸವ್ರೆ!” ಎಂದು ಲೊಚಗುಟ್ಟಿದರು. ಕಂಟೋನ್ಮೆಂಟಿನವರ ಬಡತನ ನೆನೆದು ನನಗೂ ಕರುಳು ಚುರುಕ್ ಎಂದಿತು. ಬೇರಿಗೆ ಗಾಳಿ ಬೇಕಂತೆ ಎಂದು ಹೇಳಬಹುದಿತ್ತು. ಆದರೆ ಜೀವಮಾನವೆಲ್ಲ ಬೇಸಾಯ ಮಾಡಿದ ಮನುಷ್ಯನ ಎದುರು ಅಂಥ ಮಾತನ್ನು ಯಾವ ಬಾಯಿಂದ ಆಡುವುದು? ಸಂಜೆಯೊಳಗೆ ಇದ್ದಿಲು ಬಚ್ಚಲೊಲೆ ಸೇರಿತು. ಕುಂಡಕ್ಕೆ ನಮ್ಮ ಸ್ವಂತ ನೆಲದ ಕೆಂಪು ಮಣ್ಣು, ಮೇಲೆ ಕುರಿ ಗೊಬ್ಬರ, ಗಟ್ಟಿಯಾಗಿ ಒತ್ತಿದ್ದಾಯಿತು. ಹೊಲ ಹೋದ ಮೇಲೆ ಅಪ್ಪ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಇನ್ನು ನೀರು. ನಮ್ಮಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ನೀರು ಬಂತು ಎಂಬ ಕೂಗು ಬಿದ್ದರೆ ಮನೆಯ ಡ್ರಮ್ಮು, ಬಿಂದಿಗೆ, ಕೊಳಗಗಳಲ್ಲಿದ್ದ ನೀರೆಲ್ಲ ಆ ಗಳಿಗೆಯಲ್ಲೇ ‘ಹಳೇ ನೀರು’ ಆಗಿಬಿಡುತ್ತಿತ್ತು. ಹೊಸ ನೀರು ಹಿಡಿಯಬೇಕಾದರೆ ಹಳೆಯದನ್ನು ಎಲ್ಲಾದರೂ ಸುರಿಯಬೇಕಲ್ಲ? ನನ್ನ ಹೆಂಡತಿ ಸರೋಜ ಅದನ್ನು ಗಿಡಗಳಿಗೆ ಸುರಿಯುತ್ತಿದ್ದಳು. ನೀರು ಬಾರದ ದಿನ ಪಾಪ ಒಣಗಿರುತ್ತದೆ ಎಂದು ಅಪ್ಪ ಹಾಕುತ್ತಿದ್ದರು. ಇಬ್ಬರೂ ಮರೆತಿರಬಹುದು ಎಂಬ ಅನುಮಾನದಿಂದ ನಾನು ಬೆಳಿಗ್ಗೆ ಒಂದು ಚೆಂಬು.

ಸ್ವಲ್ಪ ದಿನಕ್ಕೆ ಎಲೆಗಳು ಜೋತುಬಿದ್ದು ಸುಕ್ಕುಗಟ್ಟಿದವು. ಬಟ್ಟೆ ಒಗೆದು ಎದ್ದವರ ಬೆರಳ ತುದಿಯ ಹಾಗೆ ಆಗಿದ್ದವು, ಆದರೂ ನಮಗೆ ಯಾರಿಗೂ ಏನೂ ಹೊಳೆಯಲಿಲ್ಲ. “ನೀರು ಸಾಲ್ದು” ಎಂದರು ಅಪ್ಪ. ಮಹಡಿ ಮನೆಯಾಕೆ ‘ಎಷ್ಟ್ ಚೆನ್ನಾಗೈತೆ’ ಅಂದಿದ್ದರಿಂದ ದೃಷ್ಟಿಯಾಗಿದೆ ಎಂದು ಸರೋಜ ಕುಂಡಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಕಚೇರಿಯ ಗೆಳೆಯ, ಹಲಸೂರಿನ ಸೆಲ್ವರಾಜ, “ಕುಕ್ ಟೌನ್ ಗಿಡ ಗುರು ಅದು. ಅದಕ್ಕೆ ನಿಮ್ ಲ್ಯಾಂಗ್ವೇಜೇ ಗೊತ್ತಿಲ್ಲ. ಸ್ವಲ್ಪ ಇಂಗ್ಲಿಷಲ್ಲಿ ಮಾತಾಡ್ಸು” ಎಂದ. ನಾನು ನಕ್ಕುಬಿಟ್ಟೆ. ಮರುದಿನ ಸುತ್ತಮುತ್ತ ಯಾರೂ ಇಲ್ಲದ್ದು ನೋಡಿ, “ಗುಡ್ ಮಾರ್ನಿಂಗ್” ಎಂದು ಒಂದು ಚೆಂಬು ಹಾಕಿದೆ. ನಮ್ಮ ಮನೆಯಲ್ಲಿ ರೋಗ ಯಾವುದೆಂದು ಕಂಡುಹಿಡಿದರೂ ಔಷಧಿ ನೀರೇ ಆಗಿತ್ತು. ಇತ್ತ ಮೇಡಂ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಅಕ್ಕನ ಕಾಲಿನ ಸುದ್ದಿಗಿಂತ ಮೊದಲು “ನನ್ ಗಿಡ ಹೇಗಿದೆ?” ಎಂದು ಕೇಳುತ್ತಿದ್ದರು. “ಫಸ್ಟ್ ಕ್ಲಾಸ್ ಮೇಡಂ” ಎನ್ನುವಾಗ ನನ್ನ ಎಲೆಯೂ ಸುಕ್ಕುಗಟ್ಟುತ್ತಿತ್ತು.

ಒಂದು ಭಾನುವಾರ ಎಲೆಯ ಮೇಲಿನ ಧೂಳು ಒರೆಸಲು ಮೆಲ್ಲಗೆ ಹಿಡಿದೆ. ಇಡೀ ಗಿಡವೇ ಕೈಗೆ ಬಂತು. ಬೇರುಗಳು ಕಂದುಗಟ್ಟಿ ಮೆತ್ತಗಾಗಿದ್ದವು. ಹಿಚುಕಿದರೆ ಸಿಪ್ಪೆ ಜಾರಿ ದಾರ ಉಳಿಯುತ್ತಿತ್ತು. ಕೊಳೆತ ಈರುಳ್ಳಿಯ ನಾತ. ಅಲ್ಲೊಂದು ಇಲ್ಲೊಂದು ಬೇರು ಮಾತ್ರ ಗಟ್ಟಿಯಾಗಿತ್ತು. ಬೇರಿಗೆ ಗಾಳಿ ಆಡಬೇಕು ಎಂದ ಮೇಡಂ ಮಾತು ಆಗ ಕಪಾಳಕ್ಕೆ ಹೊಡೆದಂತೆ ನೆನಪಾಯಿತು. ಎಲೆಗೆ ಬಾಯಾರಿದ್ದು ನಿಜ. ಆದರೆ ಕುಡಿಯುವ ಬೇರನ್ನೇ ನಾವು ಕೊಳೆಸಿಬಿಟ್ಟಿದ್ದೆವು. ಅಪ್ಪ ಕೊಳೆತ ಬೇರೊಂದನ್ನು ಬೆರಳಲ್ಲಿ ಹಿಡಿದು, “ಅಷ್ಟ್ ನೀರಲ್ಲಿದ್ದು ಬಾಯಾರಿ ಸಾಯ್ತಾ ಇತ್ತಾ ಇದು?” ಎಂದರು. ಅವರ ಮುಖ ನೋಡಿ ನನಗೆ ಗಿಡಕ್ಕಿಂತ ಹೆಚ್ಚಾಗಿ ಅವರ ಮೇಲೆ ಅಯ್ಯೋ ಅನ್ನಿಸಿತು.

ಹೊಸ ಬ್ಲೇಡಿನಲ್ಲಿ ಕೊಳೆತ ಬೇರನ್ನೆಲ್ಲ ಕತ್ತರಿಸಿದೆ. ಗಿಡವನ್ನು ನೆರಳಲ್ಲಿ ಆರಲು ಬಿಟ್ಟು, ಬೀದಿಯ ಇಸ್ತ್ರಿಯವನ ಹತ್ತಿರ ಇದ್ದಿಲು ತಂದೆ. ಇಟ್ಟಿಗೆ ಚೂರಿಗೇನು, ನಮ್ಮ ಹೊಲದ ತುಂಬ ಅದೇ ಬೆಳೆ. ತಳದಲ್ಲಿ ತೂತಿರುವ ಕುಂಡದಲ್ಲಿ ಗಿಡ ಕೂರಿಸಿದೆ. ಇದ್ದಿಲು ಪೂರ್ತಿ ಒಣಗಿದ ಮೇಲಷ್ಟೇ ನೀರು, ಅದೂ ಹರಿದುಹೋಗುವ ಹಾಗೆ. ಮಿಕ್ಕ ಹೊತ್ತು ಏನೂ ಮಾಡದೆ ಸುಮ್ಮನಿರಬೇಕು. ನಮ್ಮ ಮನೆತನದಲ್ಲಿ ಹಿಂದೆ ಯಾರೂ ಮಾಡದ ಕೆಲಸ ಅದು. ಕೊನೆಗೆ ಅಪ್ಪ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು, ಒಂದು ಕಾಲದಲ್ಲಿ ರಾಗಿ ತೆನೆಗೆ ಬರುವ ಹಕ್ಕಿ ಓಡಿಸುತ್ತಿದ್ದಂತೆ, ಬಕೆಟ್ ಹಿಡಿದು ಬರುವ ಸೊಸೆಯನ್ನೂ ಚೆಂಬು ಹಿಡಿದು ಬರುವ ಮಗನನ್ನೂ ಓಡಿಸತೊಡಗಿದರು.

ಮೇಡಂ ಹಿಂದಿರುಗಿದಾಗ ಕ್ರಿಸ್‌ಮಸ್ ಮುಗಿದಿತ್ತು. ಹೂವಿರಲಿಲ್ಲ. ಹಳೇ ಎಲೆಗಳ ಸುಕ್ಕು ಹೋಗಿರಲಿಲ್ಲ. ನಡುವೆ ಒಂದು ಎಳೆಯ ಎಲೆ, ಬುಡದಲ್ಲಿ ಹಸಿರು ತುದಿಯ ಹೊಸ ಬೇರು. “ಎಲೆ ಯಾಕ್ ಹೀಗಾಗಿದೆ?” ಎಂದರು ಮೇಡಂ. ಅಪ್ಪ ಒಂಚೂರೂ ತಡಮಾಡದೆ, “ನಿಮ್ಮನ್ನ ನೆನ್ಸ್ಕೊಂಡು ಸೊರಗ್ಬಿಡ್ತು ಕಣಮ್ಮ” ಎಂದರು. ಮೇಡಂ ಕಣ್ಣಲ್ಲಿ ನೀರಾಡಿತು. ಆ ಹೊಸ ಬೇರನ್ನು ಬೆರಳ ತುದಿಯಲ್ಲಿ ಸವರಿ, “ಹೂವು ಮುಂದಿನ್ ವರ್ಷ ಬರುತ್ತೆ. ಫಾರ್ಮರ್ಸ್ ಅಂದ್ರೆ ಫಾರ್ಮರ್ಸೇ!” ಎಂದರು. ಅಪ್ಪ ಮೀಸೆ ತಿರುವಿದರು. ನಾನು ಗೋಡೆ ನೋಡಿದೆ.

ಅಕ್ಕನ ಆರೈಕೆಯಲ್ಲಿ ಸೋತಿದ್ದ ಮೇಡಂ ಮುಖ ಬಾಡಿತ್ತು. ಸರೋಜ ಕಾಫಿ ತಂದಳು. ಅದು ಮುಗಿಯುವಷ್ಟರಲ್ಲಿ ಅಪ್ಪ ಎಳನೀರು ಕೊಚ್ಚಿಸಿದರು. “ಸಾಕು, ಪ್ಲೀಸ್, ಇನ್ನೇನೂ ಬೇಡ” ಎಂದು ಮೇಡಂ ಎರಡೂ ಕೈ ಅಡ್ಡ ಹಿಡಿದರು. ಬೇಡ ಅಂದರೆ ಬೇಡ, ಅವರಿಗೂ ಒಂದಿಷ್ಟು ಗಾಳಿ ಆಡಲಿ ಎಂದು ಅಪ್ಪನಿಗೂ ಸರೋಜಳಿಗೂ ಬುದ್ಧಿ ಹೇಳಬೇಕೆಂದುಕೊಂಡು ಬಾಯಿ ತೆರೆದೆ. “ಹಾಗಂದ್ರೆ ಹೇಗೆ ಮೇಡಂ, ಒಂದು ಲೋಟ ಮಜ್ಜಿಗೆನಾದ್ರೂ ಕುಡೀಲೇಬೇಕು” ಎಂಬ ಮಾತು ಬಂತು. ಲೋಟವೂ ಆಗಲೇ ನನ್ನ ಕೈಯಲ್ಲಿತ್ತು.