ಅವ್ವನ ಭುಜವೂ ಹಳೆಯ ಪ್ರಿಂಟರೂ

ನಮ್ಮವ್ವ ನೀಲಾಬಾಯಿಗೆ ಭುಜನೋವು. ಡಾಕ್ಟರು "ಬಲಗೈಯಿಂದ ಜಗ್ಗುವ ಕೆಲಸ ಬೇಡ" ಎಂದರು. ಅವ್ವ ತಲೆಯಾಡಿಸಿ ಮನೆಗೆ ಬಂದವಳೇ ಎಡಗೈಯಿಂದ ಮೊಮ್ಮಗಳು ಪ್ರಣಿತಾಳ ತೊಟ್ಟಿಲ ಹಗ್ಗ ಜಗ್ಗತೊಡಗಿದಳು. ಹೀಗೆ ಬಿಟ್ಟರೆ ಎರಡೂ ಭುಜ ಹೋಗುತ್ತವೆ ಎಂದು ತಿಳಿಯಲು ನನ್ನ ಬಿ.ಎಸ್ಸಿ. ಸಾಕಿತ್ತು.

ಸೋಲಾಪುರದ ನಮ್ಮ ಆಫೀಸಿನಲ್ಲಿ ಹಳೆಯ ಪ್ರಿಂಟರೊಂದು ಗುಜರಿಗೆ ಹೊರಟಿತ್ತು. ಕೇಳಿ ಪಡೆದು, ಅಕ್ಕಲಕೋಟೆಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅದರ ಹೊಟ್ಟೆಯಲ್ಲಿ ಒಂದು ಮೋಟಾರು, ಹಲ್ಲಿನ ಪಟ್ಟಿ, ಉಕ್ಕಿನ ಸರಳಿನ ಮೇಲೆ ಅತ್ತಿತ್ತ ಓಡುವ ತಲೆ. ತೊಟ್ಟಿಲಿಗೆ ಇನ್ನೇನು ಬೇಕು? ಸರಿಯಾದ ಹೊತ್ತಿಗೆ ಸಣ್ಣ ಜಗ್ಗು ಕೊಟ್ಟರೆ ಉಳಿದದ್ದನ್ನು ತೊಟ್ಟಿಲೇ ನೋಡಿಕೊಳ್ಳುತ್ತದೆ. ಅದಕ್ಕೆ 'ಸ್ವಯಂಚಾಲಿತ ಶಿಶುಶಯನ ಯಂತ್ರ' ಎಂದು ನಾಮಕರಣ ಮಾಡಿದೆ. (ಹೆಂಡತಿ ಮನೀಷಾ ಇಟ್ಟ ಹೆಸರು 'ನಿಮ್ಮ ಡಬ್ಬಿ'.)

ಖಾಲಿ ತೊಟ್ಟಿಲಿಗೆ ಹಗ್ಗ ಕಟ್ಟಿ ಗುಂಡಿ ಒತ್ತುವಷ್ಟರಲ್ಲಿ ಅವ್ವ ಕೂಗಿದಳು.

"ಏ ಖೋಡಿ! ಖಾಲಿ ತೊಟ್ಟಲಾ ತೂಗ್ತಾರೇನೋ? ಕೂಸಿನ ಹೊಟ್ಟಿ ನೋಯ್ತದ!"

"ಅವ್ವಾ, ಮೊದಲ ಚಾಲೂ ಮಾಡಿ ನೋಡಬೇಕಲಾ. ಒಮ್ಮೆಲೇ ಕೂಸಿನ್ನ ಹ್ಯಾಂಗ ಹಾಕೂದು?"

"ನೀವಽ ಮಲ್ಕೋರಿ ಅದರಾಗ," ಎಂದಳು ಮನೀಷಾ.

ಅವ್ವ ಅಡುಗೆಮನೆಯಿಂದ ಗುಂಡಕಲ್ಲು ತಂದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ಆ ತೊಟ್ಟಿಲಲ್ಲಿ ಮಲಗಿದ್ದು ಅದೇ. ಅಂದಿನಂತೆಯೇ ಅದಕ್ಕೆ ಕುಂಚಿಗೆ ತೊಡಿಸಿ, ಮೆಲ್ಲಗೆ ಮಲಗಿಸಿದಳು. ಗುಂಡಿ ಒತ್ತಿದೆ. ಗರ್… ಟಕ್. ಗರ್… ಟಕ್. ಕಲ್ಲು ಸುಖವಾಗಿ ತೂಗಿತು. ಮರುದಿನದಿಂದ ಪ್ರಣಿತಾಳೂ ಕಲ್ಲಿನಂತೆಯೇ ಮಲಗತೊಡಗಿದಳು.

ಅವ್ವ ಮಾತ್ರ ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದಳು.

"ನನ್ನ ಜೋಗುಳಕಿಂತ ನಿನ್ನ ಗರ್ ಗರ್ ಛಲೋ ಅನಸ್ತದ ಆಕಿಗಿ," ಎಂದಳು ಒಮ್ಮೆ.

ಭುಜದ ಲೆಕ್ಕ ಹಾಕಿದ್ದ ನಾನು ಈ ಲೆಕ್ಕ ಹಾಕಿರಲಿಲ್ಲ.

ರವಿವಾರ ಮಧ್ಯಾಹ್ನ ಕರೆಂಟು ಹೋಯಿತು. ತೊಟ್ಟಿಲು ನಿಂತಿತು, ಕೂಸು ಕಿರುಚಿತು. ಓಡಿಹೋಗಿ ನಾನೇ ಹಗ್ಗ ಜಗ್ಗಿದೆ. ಇನ್ನಷ್ಟು ಕಿರುಚಿತು.

"ಆವಾಜ ಇಲ್ಲಲೋ. ಬಾಯಿಲೆ ಮಾಡು," ಎಂದಳು ಅವ್ವ.

"ಗರ್… ಟಕ್," ಎಂದೆ, ಆದಷ್ಟು ಮರ್ಯಾದೆಯಿಂದ.

"ಇಷ್ಟ ಸಣ್ಣ ದನಿಲೇನ್ರಿ?" ಎಂದಳು ಮನೀಷಾ. "ಟವೆಲ್ ಸಿಗಲಿಲ್ಲಂದ್ರ ಓಣಿಗೆಲ್ಲಾ ಕೇಳೂಹಂಗ ಒದರ್ತೀರಿ!"

ಒದರಿದೆ. ಅಳು ಇಳಿಯಿತು. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನನ್ನ ಟಕ್ಕಿಗೆ ಸರಿಯಾಗಿ ಜೋಗುಳ ಎತ್ತಿಕೊಂಡಳು. ಕೂಸು ಮಲಗಿತು.

ಕರೆಂಟು ಬಂತು. ಗುಂಡಿಯತ್ತ ಕೈ ಚಾಚಿದರೆ ಅವ್ವ ಪ್ಲಗ್ಗನ್ನೇ ಕಿತ್ತಿಟ್ಟಳು.

"ಬ್ಯಾಡ ಬಿಡು. ನಾ ಹಾಡಿನ್ಯಾಗ ದನಿ ಎಳದ್ರ ಅದು ನನಗಾಗಿ ತಡಿಯಂಗಿಲ್ಲ. ನೀ ತಡೀತಿ."

ಅವ್ವನ ಭುಜ ಈಗ ಎಷ್ಟೋ ವಾಸಿ. ನನ್ನ ಭುಜ ತೋರಿಸಲು ಮೊನ್ನೆ ಅದೇ ಡಾಕ್ಟರರ ಬಳಿ ಹೋಗಿದ್ದೆ. ಬಲಗೈಯಿಂದ ಜಗ್ಗುವ ಕೆಲಸ ಬೇಡ ಎಂದರು. ತಲೆಯಾಡಿಸಿ ಮನೆಗೆ ಬಂದವನೇ ಎಡಗೈಗೆ ಹಗ್ಗ ಸುತ್ತಿಕೊಂಡೆ.