ಜೀವಿತಾಳಿಗೆ ಅಂಬೆಗಾಲಿನ ತರಬೇತಿ

"ನಿನ್ನ ಅಪ್ಪ ಬರೋದರೊಳಗೆ ಈ ಕೂಸನ್ನ ಅಂಬೆಗಾಲಿಡಿಸದಿದ್ರೆ ನನ್ನ ಹೆಸರು ಗಿರಿಧರನ್ ಅಲ್ಲ!"

ಹೀಗೆಂದು ಗಿರಿಧರನ್ ಲುಂಗಿ ಎತ್ತಿ ಕಟ್ಟಿದ. ಒಲೆಯ ಮುಂದಿದ್ದ ಹೆಂಡತಿ ವಸಂತಿ ತಿರುಗಿಯೂ ನೋಡಲಿಲ್ಲ.

"ಹಂಗಾದ್ರೆ ಬೇರೆ ಹೆಸರು ನೋಡಿಟ್ಕೋ, ಜೀವಿ ಅಪ್ಪಾ."

ತಪ್ಪು ಅವನದೇ. ಹೋದ ವಾರ ಕುಂದಾ ಊರಿನಿಂದ ಮಾವ ಹಾಲ ಗೌಡರು ಫೋನು ಮಾಡಿ, "ಕೂಸು ಏನು ಮಾಡುತ್ತೆ?" ಎಂದು ಕೇಳಿದ್ದರು. ಮಗಳು ಜೀವಿತಾ ಕೂರಿಸಿದಲ್ಲೇ ಕುಂಬಳಕಾಯಿಯಂತೆ ಕೂತಿರುತ್ತಾಳೆ ಎನ್ನಲು ಇವನಿಗೆ ಬಾಯಿ ಬರಲಿಲ್ಲ. "ಅಯ್ಯೋ ಮಾಮ, ಮನೆಯೆಲ್ಲಾ ಅಂಬೆಗಾಲು! ಹಿಡಿಯೋಕೇ ಆಗಲ್ಲ!" ಎಂದುಬಿಟ್ಟಿದ್ದ. ಆ ವೈಭವ ನೋಡಲೆಂದೇ ಗೌಡರು ಈಗ ಬಸ್ಸು ಹತ್ತಿದ್ದರು. ಮಾನ ಉಳಿಯಬೇಕಿದ್ದರೆ ಮಗಳು ಕದಲಲೇಬೇಕು.

ಮೆತ್ತಗಿನದು, ಒರಟಾದದ್ದು, ತಣ್ಣಗಿನದು, ಸದ್ದು ಮಾಡುವಂಥದ್ದು ಎಲ್ಲಾ ಸುತ್ತ ಹರಡಿ, ಮಗು ಮುಟ್ಟುವ ಆಸೆಗೆ ತಾನೇ ಮುಂದೆ ಬರುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಗಿರಿಧರನ್ ಹರಡಿದ ನೋಡಿ! ಕಂಬಳಿ, ಗೋಣಿಚೀಲ, ತಟ್ಟೆಯಲ್ಲಿ ನೀರು, ಅವರೆಕಾಳು ತುಂಬಿ ಬಿಗಿದ ಬಾಟಲಿ, ಜೊತೆಗೆ ಬೆಳಿಗ್ಗೆ ತೋಟದಿಂದ ಕಿತ್ತು ತಂದ ಹಸಿ ಟೀ ಎಲೆಯ ಗುಡ್ಡೆ. ನಡುಮನೆ ಸಂತೆಯಾಯಿತು.

ಜೀವಿತಾ ತಟ್ಟೆಗೆ ಫಟ್ಟೆಂದು ಬಡಿದು ಅಪ್ಪನ ಅಂಗಿ ತೋಯಿಸಿದಳು. ಬಾಟಲಿ ನೋಡಿ ಕೇಕೆ ಹಾಕಿದಳು. ಎಲೆಯ ಮೇಲೆ ಕೂರಿಸಿದರೆ ಅದಕ್ಕೆ ಧಾರಾಳವಾಗಿ ನೀರುಣಿಸಿದಳು. ಕದಲಿದ್ದು ಮಾತ್ರ ಇಲ್ಲ!

"ಆ ಎಲೆ ಫ್ಯಾಕ್ಟರಿಗೆ ಹೋಗಬಾರದು, ಈಗಲೇ ಹೇಳಿದೀನಿ!" ವಸಂತಿ ಕೂಗಿದಳು.

"ಹೇಳಿದ್ರೆ ಕಲಿಯಲ್ಲ, ಮಾಡಿ ತೋರಿಸಬೇಕು," ಎಂದ ಗಿರಿಧರನ್, ಬಣ್ಣ ಕಂಡಾದರೂ ಬರಲಿ ಎಂದು ಬಾಯಲ್ಲೊಂದು ಕ್ಯಾರೆಟ್ ಕಚ್ಚಿಕೊಂಡು, ಎರಡೂ ಕೈ ನೆಲಕ್ಕೂರಿ, ತಲೆ ತಗ್ಗಿಸಿ ಬಾಗಿಲ ಕಡೆಗೆ ತೆವಳಿದ. ಸರಿಯಾಗಿ ಆಗಲೇ ಹಾಲ ಗೌಡರು ಮಳೆಗೆ ನೆಂದ ಕೊಡೆಯನ್ನು ಬಾಗಿಲ ಬಳಿ ಒರಗಿಸಿ ಒಳಗೆ ಕಾಲಿಟ್ಟರು.

ಈ ಬೆಟ್ಟದ ಬಡಗರ ಮನೆಗಳಲ್ಲಿ ಹಿರಿಯರು ಬಂದರೆ ಕಿರಿಯರು ತಲೆ ಬಾಗಬೇಕು. ಅವರು ತಲೆಯ ಮೇಲೆ ಕೈಯಿಟ್ಟು ಹರಸಿ, ಕೈ ತೆಗೆಯುವ ತನಕ ಮೇಲೇಳುವಂತಿಲ್ಲ. ಅಳಿಯ ನೆಲಕ್ಕೇ ಬಾಗಿದ್ದು ಕಂಡು ಗೌಡರ ಕಣ್ಣು ತುಂಬಿ ಬಂತು. ಇಂಥ ವಿನಯ ಈ ಕಾಲದಲ್ಲಿ ಎಲ್ಲುಂಟು! ತಲೆಯ ಮೇಲೆ ಕೈಯಿಟ್ಟು ಶುರುಮಾಡಿದರು: ಆಯಸ್ಸು ಹೆಚ್ಚಲಿ, ಬೆಳೆ ಹೆಚ್ಚಲಿ, ಎಮ್ಮೆ ಹಾಲು ಕರೆಯಲಿ... ಮನೆಯಲ್ಲಿ ಎಮ್ಮೆಯೇ ಇರಲಿಲ್ಲ, ಆದರೂ ಗೌಡರು ಎಮ್ಮೆಯನ್ನು ಬಿಡಲಿಲ್ಲ.

"ಅಯ್ಯೋ, ನೋಡು ನೋಡು! ಕೂಸು ಹೊರಟಿತು!" ವಸಂತಿ ಕಿರುಚಿದಳು.

ತಾತನ ಒದ್ದೆ ಕೊಡೆಯನ್ನು ಹಿಡಿಯಲು ಜೀವಿತಾ ಕೈ ಮುಂದಿಟ್ಟು, ಮೊಣಕಾಲು ಎಳೆದು, ಜಮ್ಮೆಂದು ಅಂಬೆಗಾಲಿಟ್ಟಿದ್ದಳು. ಗಿರಿಧರನ್‌ಗೆ ಕಂಡದ್ದು ಮಾವನ ಕಾಲಿನ ಹೆಬ್ಬೆರಳು ಮಾತ್ರ. ಮಗಳ ಮೊದಲ ಅಂಬೆಗಾಲು, ನೋಡೋಣವೆಂದರೆ ತಲೆಯ ಮೇಲೆ ಕೈ, ಕೂಗೋಣವೆಂದರೆ ಬಾಯಲ್ಲಿ ಕ್ಯಾರೆಟ್!

ಕೊನೆಗೂ ಕೈ ತೆಗೆದ ಗೌಡರು ಕೊಡೆ ಹಿಡಿದು ಕೂತಿದ್ದ ಮೊಮ್ಮಗಳನ್ನೊಮ್ಮೆ, ನೆಲದ ಮೇಲಿದ್ದ ಅಳಿಯನನ್ನೊಮ್ಮೆ ನೋಡಿದರು.

"ನೀ ಹೇಳಿದ್ದು ನಿಜ ಗಿರಿ, ಕೂಸು ಚೆನ್ನಾಗೇ ಹೋಗುತ್ತೆ. ಅದಿರಲಿ, ನೀ ಎದ್ದು ನಿಲ್ಲೋಕೆ ಯಾವಾಗ ಕಲೀತೀಯಾ?"