ಕಪ್ಲಿಂಗ್ ಅಳೆಯುವ ಕಾಲುಂಗುರ

ನಾನು ಎಲ್ಲಿ ನಟ್ಟು ಬಿಗಿಯಲು ಪಾನಾ ಹಿಡಿದರೂ ಒಂದಿಲ್ಲೊಂದು ಫಜೀತಿ ಆಗೇ ಆಗುತ್ತದೆ. ಹೆಂಡತಿ ತೀರಿಹೋಗಿ ನಾಲ್ಕು ತಿಂಗಳಾಯಿತು. ಆ ಫಜೀತಿಗಳನ್ನೆಲ್ಲ ನೆನಪಿಟ್ಟು ಹೇಳಿ ನಗಿಸುತ್ತಿದ್ದವಳು ಆಕೆ. ಈಗ ನಾನೇ ಬರೆಯಬೇಕು.

ಬಡಿಯುವ ಕೆಲಸ ಅಲ್ಲ

ಶಹಾಪುರದ ಹತ್ತಿರ ಕಾಲುವೆ ಕೆಲಸ. ಗುತ್ತೇದಾರರ ಸಣ್ಣ ಲೋಡರುಗಳಿಗೆ ಕಲ್ಲು ಒಡೆಯುವ ಬ್ರೇಕರ್, ಗುಂಡಿ ತೋಡುವ ಬರ್ಮಾ ಜೋಡಿಸುವವನು ನಾನು. ಎಣ್ಣೆ ಪೈಪಿನ ತುದಿಗೆ ಅದನ್ನು ಮಷೀನಿಗೆ ಕೂಡಿಸುವ ಕಪ್ಲಿಂಗ್ ಇರುತ್ತದೆ. ಒಂದು ಮಷೀನಿನದು ಮೂರು ಸೂತು, ಅಂದರೆ ಇಂಚಿನ ಎಂಟರಲ್ಲಿ ಮೂರು ಪಾಲು, ಸಣ್ಣದು. ಇನ್ನೊಂದರದು ನಾಲ್ಕು ಸೂತು, ದೊಡ್ಡದು. ನೋಡಲಿಕ್ಕೆ ಎರಡೂ ಒಂದೇ. ಮೇಲಿನ ನಂಬರು ಸವೆದಿರುತ್ತದೆ. ಇದ್ದರೂ ನನಗೆ ಓದಲಿಕ್ಕೆ ಬರುವುದು ಅಷ್ಟಕ್ಕಷ್ಟೇ.

ಒಂದು ದಿನ ಕೂಡದ ಕಪ್ಲಿಂಗನ್ನು ಸುತ್ತಿಗೆ ಹಿಡಿದು ಬಡಿಯುತ್ತಿದ್ದೆ. ಬುತ್ತಿ ತಂದ ಹೆಂಡತಿ ನೋಡುತ್ತ ನಿಂತಳು.

"ಬಡದ್ರ ಸಣ್ಣದಾಗ್ತದೇನ್ರಿ?"

ಕಾಲುಂಗುರ ಬಿಚ್ಚಿದಳು. ಒಂದು ಕಪ್ಲಿಂಗಿಗೆ ಹಾಕಿದಳು, ಹೋಯಿತು. ಇನ್ನೊಂದಕ್ಕೆ ಹಾಕಿದಳು, ಹೋಗಲಿಲ್ಲ.

"ಇದು ಸಣ್ಣದು, ಇದು ದೊಡ್ಡದು. ಇಷ್ಟು ತಿಳೀಲಾರದ ಮೇಸ್ತ್ರಿ ಅನಿಸ್ಕೊಂಡೀರಿ. ಕೆಲಸ ಮುಗದಮ್ಯಾಲ ಉಂಗುರ ವಾಪಸ್ ಕೊಡ್ರಿ. ಕಿಸೇದಾಗ ಇಟ್ಕೋಬ್ಯಾಡ್ರಿ."

ಕಿಸೆಯಲ್ಲೇ ಇಟ್ಟುಕೊಂಡೆ.

ಯಾದಗಿರಿ ಅಂಗಡಿ

ನಾಲ್ಕು ಸೂತಿನ ಕಪ್ಲಿಂಗ್ ತರಲಿಕ್ಕೆ ಯಾದಗಿರಿಗೆ ಹೋದೆ. ಅಂಗಡಿಯವನ ಮುಂದೆ ಉಂಗುರ ಇಟ್ಟೆ.

"ಬೆಳ್ಳಿ ಅಂಗಡಿ ಆ ಕಡಿ ಅದ ನೋಡ್ರಿ ಯಜಮಾನ್ರ."

"ಬೆಳ್ಳಿ ಅಲ್ರಿ. ಇದರಾಗ ಹೋಗಬಾರದು, ಅಂಥ ಮಾಲು ಬೇಕು."

ಅವನು ಹಿಂದಿರುಗಿ ತನ್ನ ಅಂಗಡಿ ಪೂರಾ ನೋಡಿದ.

"ಎಲ್ಲಾ ಅಂಥವೇ ಅದಾವ. ಟೆಂಪೋ ತಂದೀರೇನು?"

ಮಷೀನಿನ ಲಗ್ನ

ಸುರಪುರದ ರಂಗಂಪೇಟೆಯಲ್ಲಿ ಅವಳ ಕಡೆಯವರ ಮದುವೆ. ಆಕೆ ಒಬ್ಬಳೇ ಹೋದಳು, ಒಂದು ಕಾಲುಬೆರಳು ಬೋಳು. ಉಂಗುರ ನನ್ನ ಹತ್ತಿರ, ನಾನು ಕಾಲುವೆಯ ಮೇಲೆ.

ಊಟದ ಪಂಕ್ತಿಯಲ್ಲಿ ಒಬ್ಬ ಮುದುಕಿ ಬಗ್ಗಿ ನೋಡಿ ಕೇಳಿದಳಂತೆ, "ಕಾಲುಂಗ್ರ ಎಲ್ಲೆವ್ವ?"

"ನಮ್ಮನಿಯವರು ಮಷೀನಿಗೆ ಹಾಕ್ಯಾರ."

"ಅಯ್ಯ, ಈ ಲಗ್ನ ಯಾವಾಗಾತು? ನಮಗ ಹೇಳೇ ಇಲ್ಲಲ್ಲ!"

ಸಗರದ ಹೊಲ

ಆ ಮದುವೆಯಾದ ಮೇಲೆ ಉಂಗುರ ಆಕೆಯ ಕಾಲಿಗೇ ವಾಪಸ್ಸಾಯಿತು; ಬೇಕಾದಾಗ, ಬುತ್ತಿ ತಂದವಳ ಕಡೆ ಕೈ ಚಾಚಿ ಕೇಳುತ್ತಿದ್ದೆ. ಜ್ವರ ಅಂತ ಮಲಗಿದವಳು ಆರನೇ ದಿನಕ್ಕೆ ಹೋದಳು. ಸಗರದ ನಮ್ಮ ಹೊಲದಲ್ಲಿ ಮಣ್ಣು ಮಾಡಬೇಕು. ಮೊಣಕಾಲುದ್ದ ತೋಡಿದರೆ ಬಂಡೆ. ಗುದ್ದಲಿ ಬಾಯಿ ಮುರಿಯಿತು. ಹೊತ್ತು ಇಳಿಯುತ್ತಿತ್ತು. ಆಕೆಯನ್ನು ಬೇವಿನ ನೆರಳಿಗೆ ಕೂಡಿಸಿಕೊಂಡು ಊರವರು ಭಜನೆ ಮಾಡುತ್ತ ಕಾಯುತ್ತಿದ್ದರು.

ಗುತ್ತೇದಾರರು ಲೋಡರ್, ಬ್ರೇಕರ್ ಕಳಿಸಿದರು. ಡ್ರೈವರ್ ತಿಣುಕಾಡಿದ. ಪೈಪು ಕೂಡಲಿಲ್ಲ.

"ಕಾಕಾ, ನೀವೇ ಒಂದೀಟು ನೋಡ್ರಿ" ಅಂದ. ಮುಖ ಎತ್ತಲಿಲ್ಲ.

ಹೋಗಿ ಕೂತೆ. ಕಪ್ಲಿಂಗ್ ಕೈಯಲ್ಲಿ ಹಿಡಿದೆ. ನಂಬರು ಸವೆದಿತ್ತು. ರೂಢಿ ನೋಡ್ರಿ, ಕೈ ಹಿಂದೆ ಚಾಚಿ ಕೂಗಿದೆ.

"ಏ, ಉಂಗುರ ಕೊಡಿಲ್ಲಿ."

ಭಜನೆ ನಿಂತಿತು.

ಆಕೆಯ ಅಕ್ಕ ಕಾಲ ಹತ್ತಿರ ಅಳುತ್ತ ಕೂತಿದ್ದರು. ಎದ್ದು, ತಂಗಿಯ ಕಾಲುಂಗುರ ಬಿಚ್ಚಿ ತಂದು ನನ್ನ ಕೈಯಲ್ಲಿಟ್ಟರು.

"ಹಿಡೀರಿ. ಮುತ್ತೈದಿ ಆಕಿ, ಬೋಳು ಕಾಲಿಲೆ ಕಳಿಸಬಾರದು. ಇವತ್ತರ ವಾಪಸ್ ಕೊಡ್ರಿ."

ಯಾರೋ ಒಬ್ಬ ಕಿಸಕ್ಕಂದ. ಆಮೇಲೆ ಎಲ್ಲರೂ. ನಾನೂ ನಕ್ಕೆ. ನಗುತ್ತಲೇ ಅತ್ತೆ.

ಉಂಗುರದಲ್ಲಿ ಲೋಡರಿನದು ಹೋಯಿತು, ಬ್ರೇಕರಿನದು ಹೋಗಲಿಲ್ಲ. ಮೂರಕ್ಕೆ ನಾಲ್ಕು ಕೂಡಿಸುವ ತುಂಡು ನಡುವೆ ಹಾಕಿ ಬಿಗಿದೆ. ಬಂಡೆ ಒಡೆಯಿತು. ಹೊತ್ತು ಮುಳುಗುವುದರೊಳಗೆ ಆಕೆಗೆ ಮಣ್ಣು ಕೊಟ್ಟೆವು.

ಮನೆಗೆ ಬಂದು ಜಳಕಕ್ಕೆಂದು ಅಂಗಿ ಕಳೆದೆ. ಕಿಸೆಯಿಂದ ಉಂಗುರ ಬಿತ್ತು.

ಅಕ್ಕ ನೋಡಿದರು. ನಾನು ನೆಲ ನೋಡಿದೆ.

"ಇರ್ಲಿ ಬಿಡ್ರಿ" ಅಂದೆ. "ನಾ ಹೋದಾಗ ಕೊಡ್ತೀನಿ."

"ಹೋಗಾಗ ಕಿಸೆ ನೋಡ್ಕೊಂಡು ಹೋಗ್ರಿ" ಅಂದರು. "ಆಕಿ ಮದಲ ಅದನ್ನೇ ಕೇಳ್ತಾಳ."